ಎಲ್ಲದಕ್ಕೂ ಮರೆವಿನ ಮೇಲೇ ಗೂಬೆ ಕೂರಿಸೋದಾ?

ಆರೈಕೆ ಕೇಂದ್ರದಲ್ಲಿರೋ ಗಂಡನನ್ನೋ ಹೆಂಡತಿಯನ್ನೋ ನೋಡೋಕೆ ಹೋಗುವವರಿಗೆ ಅಲ್ಲಿ ಸಿಗೋ ಉತ್ತರ ಒಂದೇ: "ಅವರಿಗೆ ಮರೆವಿನ ಕಾಯಿಲೆ ಅಲ್ವಾ, ಹಾಗೇ ಇರುತ್ತೆ." ಕರೆದರೆ ತಿರುಗಿ ನೋಡ್ತಿಲ್ಲವಾ? ಮರೆವು. ಊಟ ಬಿಟ್ಟಿದ್ದಾರಾ? ಮರೆವು. ಮೈಮೇಲೆ ಇನ್ಯಾರದೋ ಸ್ವೆಟರ್ ಇದೆಯಾ? ಅದಕ್ಕೂ ಮರೆವೇ! ಸ್ವಾಮಿ, ಆ ಸ್ವೆಟರ್ ಒಗೆದು ಮಡಚಿ ತೊಡಿಸಿದವರಿಗೂ ಡಿಮೆನ್ಷಿಯಾನಾ?

ಕಿವಿಯಿಂದಲೇ ಶುರು ಮಾಡೋಣ. ಹಿಯರಿಂಗ್ ಏಡ್‌ಗೆ ಹಾಕೋ ಗುಂಡಿ ಬ್ಯಾಟರಿ ಜಿಂಕ್-ಏರ್ ಜಾತಿಯದು. ಸ್ಟಿಕ್ಕರ್ ಕಿತ್ತು ಗಾಳಿ ತಾಗಿದ ಗಳಿಗೆಯಿಂದಲೇ ಸವೆಯೋಕೆ ಶುರು. ಕಂದು ಸ್ಟಿಕ್ಕರಿನ 312 ನಂಬರಿನದು ದಿನವಿಡೀ ಹಾಕಿದರೆ ಹೆಚ್ಚುಕಮ್ಮಿ ಒಂದು ವಾರ ಬರುತ್ತೆ, ಕಿತ್ತಳೆ ಸ್ಟಿಕ್ಕರಿನ 13 ಇನ್ನೊಂದಷ್ಟು ದಿನ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಬದಲಾಯಿಸಿದರೆ ಮುಗೀತು. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಮುಚ್ಚಳ ಹಾಕಬೇಕು. ಕೆಲಸ ಮಾಡ್ತಿದೆಯಾ ಅಂತ ನೋಡೋಕೆ, ಆನ್ ಮಾಡಿ ಮುಷ್ಟಿಯೊಳಗೆ ಮುಚ್ಚಿ ಹಿಡಿದರೆ ಸಾಕು, ಕುಂಯ್ ಅನ್ನಬೇಕು. ಅನ್ನಲಿಲ್ಲವೋ, ಬ್ಯಾಟರಿ ಸತ್ತಿರುತ್ತೆ, ಇಲ್ಲವೇ ತುದಿಯ ಪುಟ್ಟ ಜಾಲರಿಗೆ ಗುಗ್ಗೆ ಕಟ್ಟಿರುತ್ತೆ. ಕೆಂಪು ಗುರುತು ಬಲಗಿವಿ, ನೀಲಿ ಎಡಗಿವಿ. ಇಷ್ಟೇ ವಿದ್ಯೆ! ಸತ್ತ ಬ್ಯಾಟರಿಯ ಮೆಷಿನ್ ಕಿವಿಗೆ ತುರುಕಿದರೆ ಅದು ಬರೀ ಬಿರಡೆ, ಇದ್ದ ಚೂರುಪಾರು ಕೇಳಿಸೋದನ್ನೂ ಮುಚ್ಚಿಹಾಕುತ್ತೆ. ಅಂಥ ಕಿವಿಗೆ ನಾಲ್ಕು ಸಲ ಕೂಗಿ, ಫೈಲಿನಲ್ಲಿ "ಪ್ರತಿಕ್ರಿಯೆ ಇಲ್ಲ" ಅಂತ ಬರೀತಾರೆ.

ಹಲ್ಲಿನ ಸೆಟ್ಟಿನದೂ ಇದೇ ಪಾಡು. ರಾತ್ರಿ ತೆಗೆದು ಹೆಸರಿಲ್ಲದ ಡಬ್ಬಿಗೆ ಹಾಕ್ತಾರೆ, ಬೆಳಿಗ್ಗೆ ಒಬ್ಬರದು ಇನ್ನೊಬ್ಬರ ಬಾಯಿಗೆ. ಡಬ್ಬಿ ಮೇಲಷ್ಟೇ ಬರೆದರೆ ಸಾಲದು, ದಂತವೈದ್ಯರ ಹತ್ತಿರ ಸೆಟ್ಟಿನ ಮೇಲೇ ಹೆಸರು ಹಾಕಿಸಬೇಕು. ತಮ್ಮದೇ ಸೆಟ್ ಆದರೂ ತೂಕ ಇಳಿದಾಗ ಸಡಿಲವಾಗುತ್ತೆ, ಸಡಿಲವಾದದ್ದು ಒಸಡು ಉಜ್ಜಿ ಹುಣ್ಣು ಮಾಡುತ್ತೆ, ಹುಣ್ಣಾದ ಬಾಯಿ ತುತ್ತು ಬೇಡ ಅನ್ನುತ್ತೆ, ತೂಕ ಇನ್ನೂ ಇಳಿಯುತ್ತೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದ್ದರೆ ಗೊತ್ತಾಗ್ತಿತ್ತು. ಇವರು ನೋಡೋದು ಕಾಯಿಲೆಯ ಹೆಸರನ್ನು.

ಊಟದ ಹೊತ್ತಿಗಂತೂ ಹೋಗಿ ನೋಡಬೇಕು. ಬಿಳಿ ಮೇಜು, ಬಿಳಿ ತಟ್ಟೆ, ಅದರ ಮೇಲೆ ಬೆಳ್ಳಗಿರೋ ಊಟ. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಒಂದೇ ಥರದ ಬಣ್ಣಗಳನ್ನು ಬೇರೆಬೇರೆಯಾಗಿ ಗುರುತಿಸೋದು ಮಿದುಳಿಗೆ ಕಷ್ಟ, ತಟ್ಟೆ ಖಾಲಿ ಅಂತಲೇ ಕೂತುಬಿಡ್ತಾರೆ. ಗಾಢ ಕೆಂಪು ಇಲ್ಲವೇ ನೀಲಿ ತಟ್ಟೆ ಇಟ್ಟು, ಚಮಚ ಅವರ ಕೈಯಲ್ಲೇ ಕೊಟ್ಟು, ಆ ಕೈಯನ್ನು ಹಿಡಿದು ಮೊದಲ ತುತ್ತು ಬಾಯಿಗೆ ಮುಟ್ಟಿಸಿದರೆ ಎಷ್ಟೋ ಸಲ ಎರಡನೆಯದಕ್ಕೆ ಕೈ ತಾನಾಗಿ ಏಳುತ್ತೆ. ಅಷ್ಟು ವ್ಯವಧಾನ ಯಾರಿಗಿದೆ? ಅರೆ ಒರಗಿಸಿಕೊಂಡೇ ತುರುಕ್ತಾರೆ, ಮುಗಿದ ತಕ್ಷಣ ಮಲಗಿಸ್ತಾರೆ. ನೆಟ್ಟಗೆ ಕೂರಿಸಿ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಇಲ್ಲದಿದ್ದರೆ ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ.

ನಿಜಕ್ಕೂ ಸಿಟ್ಟು ನೆತ್ತಿಗೇರೋದು ಈ ವಿಷಯಕ್ಕೆ. ಡಿಮೆನ್ಷಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯೋ ಕಾಯಿಲೆ. ಮೊನ್ನೆ ಕೈ ಹಿಡಿದು ನಕ್ಕವರು ಇವತ್ತು ಇಲ್ಲದ್ದನ್ನು ಕಾಣ್ತಿದ್ದರೆ, ಹಗಲೆಲ್ಲ ತೂಕಡಿಸಿ ರಾತ್ರಿ ಚೀರಾಡ್ತಿದ್ದರೆ, ಅದು ಸನ್ನಿ ಇರಬಹುದು, ಡಾಕ್ಟರ ಮಾತಿನಲ್ಲಿ ಡೆಲಿರಿಯಮ್. ಅದಕ್ಕೆ ಕಾರಣ ಹುಡುಕಬೇಕು: ಸೋಂಕು, ಮೈಯಲ್ಲಿ ನೀರಿಲ್ಲದಿರೋದು, ಕಟ್ಟಿಕೊಂಡ ಮಲ ಮೂತ್ರ, ನೋವು, ಹೊಸ ಮಾತ್ರೆ. ಹೋದವರು ಕೇಳಬೇಕಾದ್ದು "ಹೇಗಿದ್ದಾರೆ" ಅಂತಲ್ಲ. ಕೊನೆಯ ಸಲ ಮಲ ಹೋಗಿದ್ದು ಯಾವತ್ತು, ನಿನ್ನೆ ಎಷ್ಟು ಲೋಟ ನೀರು ಕುಡಿದರು, ಈ ವಾರ ಯಾವ ಮಾತ್ರೆ ಹೊಸದಾಗಿ ಸೇರಿತು. ಮೂತ್ರದ ಹಿಡಿತಕ್ಕೆ ಕೊಡೋ ಆಕ್ಸಿಬ್ಯುಟಿನಿನ್, ನಿದ್ದೆ ಬರಲಿ ಅಂತ ಕೊಡೋ ಡೈಫೆನ್‌ಹೈಡ್ರಮಿನ್, ಇವೆರಡೂ ತಲೆಯನ್ನು ಇನ್ನಷ್ಟು ಮಂಕು ಮಾಡ್ತವೆ. ಬೆಳಿಗ್ಗೆ ಮರೆವಿಗೆ ಅಂತ ಡೊನೆಪೆಜಿಲ್, ರಾತ್ರಿ ಇವು ಅಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಕಾರಣ ಹುಡುಕೋ ಬದಲು "ಗಲಾಟೆ ಮಾಡ್ತಾರೆ" ಅಂತ ಮನೋರೋಗಕ್ಕೆ ಕೊಡೋ ಕ್ವೆಟಿಯಾಪಿನ್ನೋ ರಿಸ್ಪೆರಿಡೋನೋ ಹಾಕಿ ಮಲಗಿಸೋದು ಇನ್ನೊಂದು ಚಾಳಿ. ಡಿಮೆನ್ಷಿಯಾ ಇರೋ ವೃದ್ಧರಲ್ಲಿ ಈ ಜಾತಿಯ ಔಷಧಿಗಳು ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ತೀರಾ ಅನಿವಾರ್ಯವಾದಾಗ ಕಡಿಮೆ ಪ್ರಮಾಣದಲ್ಲಿ, ಕೆಲವೇ ವಾರ ಕೊಡೋದುಂಟು, ಇಲ್ಲ ಅನ್ನಲ್ಲ. ಆದರೆ ನಿಲ್ಲಿಸೋ ತಾರೀಕು ಯಾವುದು ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. (ನೀವೇ ಸಿಟ್ಟಿನಲ್ಲಿ ತಟಕ್ಕನೆ ನಿಲ್ಲಿಸಿಬಿಡಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸಬೇಕು.)

ಇನ್ನು ಭೇಟಿಯ ಸಮಯ. ಸಂಜೆ 4ರಿಂದ 6! ಬಹಳ ಜನಕ್ಕೆ ಗಲಿಬಿಲಿ, ಚಡಪಡಿಕೆ, "ಮನೆಗೆ ಹೋಗಬೇಕು" ಅನ್ನೋ ಹಟ ಏರೋದೇ ಹೊತ್ತಿಳಿಯುವಾಗ. ತಲೆ ತಿಳಿಯಾಗಿರೋ ಬೆಳಗಿನ 10, 11 ಗಂಟೆಗೆ ಬಾಗಿಲು ಹಾಕಿ, ಕದಡಿದ ಹೊತ್ತಿಗೆ ತೆರೀತಾರೆ. ಆಮೇಲೆ "ನೀವು ಬಂದು ಹೋದ ಮೇಲೆ ಅವರನ್ನು ಹಿಡಿಯೋಕಾಗಲ್ಲ" ಅಂತ ದೂರು ಬೇರೆ.

ಜೊತೆಗೆ ಬರೋ ನೆಂಟರದೂ ಕಮ್ಮಿಯೇನಿಲ್ಲ. ಹಿಂದಿನಿಂದ ಬಂದು ಭುಜ ತಟ್ಟಿ, "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ. ಎದುರಿನಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ನಿಮ್ಮ ಹೆಸರು ನೀವೇ ಹೇಳಿಕೊಂಡರೆ ಗಂಟೇನು ಹೋಗುತ್ತೆ? ಹೊರಡುವಾಗಲೂ ಬಾಗಿಲಲ್ಲಿ ನಿಂತು ಹತ್ತು ಸಲ ಟಾಟಾ ಬೇಡ. ತಿಂಡಿಯ ಹೊತ್ತಿಗೆ, ತಟ್ಟೆ ಕಡೆ ಗಮನ ಇರುವಾಗ ಸುಮ್ಮನೆ ಎದ್ದು ಬನ್ನಿ.

ಗೇಟಿನ ಹತ್ತಿರ ರಿಜಿಸ್ಟರ್ ಇಟ್ಟಿರ್ತಾರೆ. ಬಂದದ್ದು 4.10, ಹೊರಟದ್ದು 5.55, ಸಂಬಂಧ, ಫೋನ್ ನಂಬರ್, ಸಹಿ, ಒಂದೂ ಬಿಡೋ ಹಾಗಿಲ್ಲ. ಒಳಗೆ ಮಂಚದ ತಲೆದೆಸೆಯಲ್ಲಿ ನೀರಿನ ಲೆಕ್ಕದ ಹಾಳೆ ತೂಗಾಡ್ತಿರುತ್ತೆ, ಮೂರು ದಿನದಿಂದ ಖಾಲಿ.