ಸತ್ಯಾಂಶ: ಹುಡುಗ್ರಿಗೆ ನೈಟ್ ಕರ್ಫ್ಯೂ ಹಾಕಿದ್ರೆ ಕ್ರೈಂ ನಿಲ್ತದಾ?

ನಮ್ಮ ಬದಿಯಡ್ಕ ಕಡೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಾ ಉಂಟು, ಅಮೆರಿಕದ ಸಿಟಿಗಳಲ್ಲಿ ಹುಡುಗ್ರಿಗೆ ರಾತ್ರಿ ಕರ್ಫ್ಯೂ ಹಾಕಿದ ಮೇಲೆ ಕ್ರೈಮೇ ನಿಂತಿತಂತೆ, ಇಲ್ಲಿಯೂ ಹಾಕ್ಬೇಕಂತೆ. ಕರ್ಫ್ಯೂ ಇದ್ದದ್ದು ಹೌದು. ವಾಷಿಂಗ್ಟನ್ ಡಿಸಿಯಲ್ಲಿ 1995ರಲ್ಲೇ ಕಾನೂನು ಬಂತು, ಆಗ 17 ತುಂಬದವರು ರಾತ್ರಿ ಹೊತ್ತು ಮೀರಿ ತಿರುಗುವ ಹಾಗಿರ್ಲಿಲ್ಲ, ಅಪ್ಪ ಅಮ್ಮ ಜೊತೆಗಿದ್ರೆ ವಿನಾಯ್ತಿ ಇತ್ತು. ಆದ್ರೆ ಕ್ರೈಂ ನಿಂತದ್ದೆಲ್ಲಿ ಮಾರಾಯ್ರೆ? 12 ಅಧ್ಯಯನ ಒಟ್ಟಿಗಿಟ್ಟು 2016ರಲ್ಲಿ ಕ್ಯಾಂಪ್‌ಬೆಲ್ ಕೊಲಾಬರೇಶನ್ ಅಂತ, ಬೇರೆ ಬೇರೆ ಅಧ್ಯಯನ ಒಟ್ಟು ಮಾಡಿ ತೂಗಿ ನೋಡುವ ಸಂಸ್ಥೆಯವರು ನೋಡಿದಾಗ ಕರ್ಫ್ಯೂನಿಂದ ಕ್ರೈಂ ಇಳಿದದ್ದು ಕಾಣ್ಲೇ ಇಲ್ಲ. ಅಲ್ಲಿ ಶಾಲೆ ಇರುವ ದಿನ ಹುಡುಗ್ರ ಹೊಡೆದಾಟ ಜಾಸ್ತಿ ಆಗುವುದು ಸಂಜೆ ಶಾಲೆ ಬಿಟ್ಟ ಹೊತ್ತಲ್ಲಿ, ಮಧ್ಯರಾತ್ರಿ ಅಲ್ಲ, ಮತ್ತೆ ಬೀದಿ ಖಾಲಿ ಮಾಡಿದ್ರೆ ನೋಡಿ ಹೇಳ್ಲಿಕ್ಕೆ ಜನವೂ ಇರುವುದಿಲ್ಲ. ಇಲ್ಲಿ ಹಾಕಿದ್ರೆ ಮೊದ್ಲು ಸಿಕ್ಕಿಬೀಳುವುದು ಬಯಲಾಟ ನೋಡಿ ನಿದ್ದೆಗಣ್ಣಲ್ಲಿ ಗದ್ದೆ ಬದುವಲ್ಲಿ ನಡ್ಕೊಂಡು ಬರುವ ಪಾಪದ ಮಕ್ಕಳು.