ಯೋಸೇಫನಿಗೆ ಡೈಲಾಗ್ ಬೇಕಂತೆ

"ನನ್ನ ಮಗನಿಗೆ ಒಂದೂ ಡೈಲಾಗ್ ಇಲ್ವಲ್ಲ, ಯಾಕೆ?" ರಾತ್ರಿ ಹನ್ನೊಂದಕ್ಕೆ ಮರಿಯಳ ಗಂಡ ಯೋಸೇಫನ ಪಾತ್ರ ಮಾಡುವ ಹುಡುಗನ ತಾಯಿಯ ಮೆಸೇಜು. ನಾನು ಆಡಿಸುತ್ತಿರುವ ಚರ್ಚಿನ ಕ್ರಿಸ್‌ಮಸ್ ನಾಟಕಕ್ಕೆ ಇನ್ನೆರಡೇ ದಿನ. ಅಮ್ಮಾ, ಬೈಬಲಿನ ನಾಲ್ಕು ಸುವಾರ್ತೆ ಹುಡುಕಿದರೂ ಯೋಸೇಫ ಬಾಯಿ ಬಿಟ್ಟಿಲ್ಲ. ನಾನೆಲ್ಲಿಂದ ತರಲಿ?

ಬಾಲಯೇಸುವನ್ನು ನೋಡಲು ಬಂದ ಜೋಯಿಸರು ಎಷ್ಟು ಜನ ಅಂತ ಸುವಾರ್ತೆಯಲ್ಲಿ ಮತ್ತಾಯ ಬರೆದಿಲ್ಲ, ಕಾಣಿಕೆ ಮಾತ್ರ ಮೂರು. ಇದು ಅಪ್ಪ ಅಮ್ಮಂದಿರಿಗೆ ಹೇಗೆ ಗೊತ್ತಾಯಿತೋ! ಈಗ ನನ್ನ ಬಳಿ ಏಳು ಜನ ಜೋಯಿಸರಿದ್ದಾರೆ. ಚಿನ್ನ, ಧೂಪ, ರಕ್ತಬೋಳದ ಡಬ್ಬಿಗಳಿಗೆ ದಿನವೂ ಜಗಳ. ಕುರಿಯಾಗಲು ಮಾತ್ರ ಯಾರೂ ಇಲ್ಲ. ಎಲ್ಲರ ಮಕ್ಕಳೂ ಹುಟ್ಟುತ್ತಲೇ ದೇವದೂತರು, ಅಲ್ವಾ?

ಕೊನೆಗೆ ಕುರಿ ಯಾರು? ನನ್ನ ಮಕ್ಕಳೇ. ಚಿಕ್ಕವಳು ಮೂರು ದಿನದಿಂದ ಹತ್ತಿಯ ಕಿವಿ ಬಿಚ್ಚಿಲ್ಲ. ಊಟಕ್ಕೆ ಕರೆದರೆ "ಮ್ಯಾ" ಅನ್ನುತ್ತಾಳೆ. ಸೋಫಾ ತುಂಬ ರೆಕ್ಕೆ, ಫ್ರಿಜ್ ಮೇಲೆ ಬೆತ್ಲೆಹೇಮಿನ ನಕ್ಷತ್ರ, ಬಾಲಯೇಸುವಿನ ಗೊಂಬೆ ವಾಷಿಂಗ್ ಮಷೀನಿನಲ್ಲಿ.

"ಸುಮ್ನೆ ಯಾಕೆ ಒಪ್ಪಿಕೊಂಡೆ?" ಅಂತ ಮನೆಯವರ ಪ್ರಶ್ನೆ. ಒಪ್ಪಿಕೊಂಡದ್ದಾ? ಮೀಟಿಂಗಿನಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ನಾನು ಸೀನಿದೆ, ಅಷ್ಟೇ.

ಅಗೋ, ಮತ್ತೆ ಮೆಸೇಜು. ದೇವದೂತ ಗಬ್ರಿಯೇಲನಿಗೆ ಜ್ವರವಂತೆ.