ಕೋಲಾರದಲ್ಲಿ ಕನ್ನಡ ಕಲಿಯಲು ಎಲ್ಲಿಗೆ ಹೋಗಬೇಕು?

ಕೋಲಾರದ ಹತ್ತಿರದ ನರಸಾಪುರದ ಕಾರ್ಖಾನೆಯೊಂದಕ್ಕೆ ಕೆಲವು ತಿಂಗಳ ಮಟ್ಟಿಗೆ ಹೊರಟಿದ್ದ ನನ್ನ ಜರ್ಮನ್ ಸಹೋದ್ಯೋಗಿ, ‘ನಿಮ್ಮೂರಿನ ಕಾಲೇಜುಗಳಲ್ಲಿ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತಾರೆಯೇ?’ ಎಂದು ಕೇಳಿದ. ಕೋಲಾರದಲ್ಲಿ ಉಪನ್ಯಾಸಕನಾಗಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ನಕ್ಕುಬಿಟ್ಟ. ‘ಯಾಕಣ್ಣ, ಅವರಿಗೆ ಇಂಗ್ಲಿಷ್ ಬರುವುದಿಲ್ಲವೇ?’

ಆ ನಗು ಚುಚ್ಚಿತು. ಯುದ್ಧ ಮುಗಿದು ಆರೇ ವರ್ಷಕ್ಕೆ, 1951ರಲ್ಲಿ, ಹೆಸರು ಕೆಡಿಸಿಕೊಂಡಿದ್ದ, ನಾನೀಗ ಇರುವ ಈ ಜರ್ಮನಿ ತನ್ನ ಭಾಷೆ ಕಲಿಸುವ ಗಯಟೆ ಸಂಸ್ಥೆಯನ್ನು ಕಟ್ಟಿತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಅದರದೇ ಶಾಖೆ. ಡಿಎಎಡಿ ಎಂಬ ಇನ್ನೊಂದು ಸಂಸ್ಥೆ ಪರದೇಶದ ವಿಶ್ವವಿದ್ಯಾಲಯಗಳಿಗೆ ಜರ್ಮನ್ ಕಲಿಸುವ ಮೇಷ್ಟರನ್ನೇ ಕಳಿಸುತ್ತದೆ. ಭಾಷೆ ಕಲಿತವನು ನಾಳೆ ತಮ್ಮ ಯಂತ್ರ ಕೊಳ್ಳುತ್ತಾನೆ, ತಮ್ಮ ಪರವಾಗಿ ನಾಲ್ಕು ಮಾತಾಡುತ್ತಾನೆ ಎಂಬ ಲೆಕ್ಕ ಇವರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಸ್ಟುಟ್‌ಗಾರ್ಟಿನಲ್ಲಿ ನಮ್ಮ ಬೀದಿಯ ಬೇಕರಿಯಾಕೆ, ನಾನು ಪದದ ಲಿಂಗ ತಿಳಿಯದೆ ಅದರ ಹಿಂದೆ ‘ಡೆರ್’ ಅನ್ನಬೇಕೋ ‘ಡಾಸ್’ ಅನ್ನಬೇಕೋ ಎಂದು ತಡವರಿಸುತ್ತಿದ್ದರೆ ಇಂಗ್ಲಿಷಿಗೆ ಹೊರಳುವುದಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದರೂ ಇಕ್ಕಳದಲ್ಲಿ ಬ್ರೆಡ್ಡು ಹಿಡಿದುಕೊಂಡೇ ಕಾಯುತ್ತಾಳೆ. ನಾನು ಜರ್ಮನ್ ಕಲಿತದ್ದು ತರಗತಿಗಿಂತ ಆ ಇಕ್ಕಳದ ಮುಂದೆಯೇ ಹೆಚ್ಚು. ಕೋಲಾರದ ನಮ್ಮ ಅಮ್ಮವಾರಿಪೇಟೆಯಲ್ಲೋ, ಸೊಪ್ಪು ಮಾರುವಾಕೆ ಗಿರಾಕಿಯ ಮುಖ ನೋಡಿಯೇ ತೆಲುಗು, ತಮಿಳು, ಉರ್ದು ಎಂದು ಬದಲಾಯಿಸುತ್ತಾಳೆ. ಕನ್ನಡ ಕಲಿಯಬೇಕೆಂದು ಬಂದವನಿಗೆ ತಪ್ಪು ಮಾಡಲೂ ಜಾಗವಿಲ್ಲ. ಆಮೇಲೆ, ಹೊರಗಿನವರು ಕನ್ನಡ ಕಲಿಯುವುದಿಲ್ಲ ಎಂದು ನವೆಂಬರಿನಲ್ಲಿ ಭಾಷಣ!

ನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ತೀರಿಕೊಂಡದ್ದೂ ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಕೊನೆಗೆ ಗೆಳೆಯನಿಗೆ ನಾನು ತೋರಿಸಿದ್ದೂ ಮ್ಯೂನಿಕ್ಕಿನಲ್ಲಿ ಕನ್ನಡ ಕಲಿಸುತ್ತಿದ್ದ ರಾಬರ್ಟ್ ಝೈಡೆನ್‌ಬೋಸ್ ಅವರ ಕೈಪಿಡಿಯನ್ನೇ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೋಲಾರಕ್ಕೆ ಹೋಗುವವನಿಗೆ ಕನ್ನಡವೂ ಜರ್ಮನಿಯಿಂದಲೇ ಸರಬರಾಜು! ಟಮಕದಲ್ಲಿ ವಿಶ್ವವಿದ್ಯಾಲಯವಿದೆ, ನರಸಾಪುರ, ವೇಮಗಲ್‌ಗಳ ತುಂಬ ಹೊರಗಿನ ಜನರಿದ್ದಾರೆ. ವಾರಕ್ಕೆರಡು ಸಂಜೆ, ಒಂದು ಕೊಠಡಿ, ಒಬ್ಬ ಮೇಷ್ಟರು. ಇಷ್ಟಕ್ಕೆ ಯಾವ ರಾಯಭಾರ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ಜರ್ಮನರದು ಧರ್ಮಕಾರ್ಯವೇನಲ್ಲ, ಒಪ್ಪುತ್ತೇನೆ. ಇವರಿಗೆ ದಾದಿಯರು ಬೇಕು, ಎಂಜಿನಿಯರುಗಳು ಬೇಕು. ಪೌರತ್ವ ಕೇಳುವವನು ಭಾಷೆ ಬರುತ್ತದೆಂದು ತೋರಿಸಲೇಬೇಕು. ಇನ್ನು ಆ ಸೊಪ್ಪಿನಾಕೆ ಯಾವ ತರಗತಿಗೂ ಹೋಗದೆ ನಾಲ್ಕು ಭಾಷೆ ಆಡುತ್ತಾಳೆ, ನನ್ನ ಗೆಳೆಯನ ಜತೆಗೂ ಹೇಗೋ ಮಾತು ಹೂಡುತ್ತಾಳೆ. ನನ್ನ ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿರುವುದು ಅವರ ಕರೆಗಂಟೆಯ ಮೇಲೆ ಓದಿ.